ಅಣು ಮುದುಡಿತು, ನರತಂತು ಹರಡಿತು

ಪ್ರಶ್ನೆ: ತಿರುಗಬಲ್ಲ ಏಳು ಬಂಧಗಳಿರುವ ಅಣುವೊಂದಕ್ಕೆ ಆರ್‌ಡಿಕಿಟ್ ಎಂಬ ರಸಾಯನ ತಂತ್ರಾಂಶದಲ್ಲಿ 50 ಕನ್ಫಾರ್ಮರ್ (ಅಣು ತಾಳಬಹುದಾದ ಆಕಾರ) ಮಾಡಿಸಿ, ಎಂಎಂಎಫ್‌ಎಫ್94 ಎಂಬ ಶಕ್ತಿ ಲೆಕ್ಕದ ಸೂತ್ರಗಳಿಂದ ಶಕ್ತಿ ಇಳಿಸಿದೆ. ಕನಿಷ್ಠ ಶಕ್ತಿಯದು ಉಂಡೆಯಂತೆ ಮುದುಡಿದೆ. ಪ್ರೋಟೀನಿನ ಸ್ಫಟಿಕದಲ್ಲಿ ಅದೇ ಅಣು ನೀಳವಾಗಿ ಚಾಚಿಕೊಂಡಿದೆ. ಎಲ್ಲಿ ಎಡವಿದೆ?
— ಸಂಶೋಧನಾ ವಿದ್ಯಾರ್ಥಿನಿ, ಪಾಷಾಣ್, ಪುಣೆ

ಉತ್ತರ: ನಿಮ್ಮ ಲೆಕ್ಕದಲ್ಲಿ ನೀರಿಲ್ಲ. ಅದು ನಡೆದಿರುವುದು ನಿರ್ವಾತದಲ್ಲಿ. ಅಲ್ಲಿ ಎನ್‌ಎಚ್ ಗುಂಪಿಗೆ ಅದೇ ಅಣುವಿನ ಕಾರ್ಬೊನಿಲ್ ಬಿಟ್ಟರೆ ಬೇರೆ ಜೊತೆ ಸಿಗದು. ಎರಡೂ ಹೈಡ್ರೋಜನ್ ಬಂಧ ಕಟ್ಟಿಕೊಂಡು ಅಣು ಮಡಿಚಿಕೊಳ್ಳುತ್ತದೆ. ನೀರಿನಲ್ಲಾದರೆ ಆ ಬಂಧಕ್ಕೆ ನೀರೇ ಪೈಪೋಟಿ. ಹಾಗಾಗಿ ಮೊದಲು ಬಂದ ಒಂದನ್ನೇ ನಂಬಬೇಡಿ. ಕನಿಷ್ಠದಿಂದ 10 ಕಿಲೊಕ್ಯಾಲರಿ/ಮೋಲ್ ಮೇಲಿನವರೆಗೂ ಇಟ್ಟುಕೊಂಡು, ದ್ರಾವಕವನ್ನು ಲೆಕ್ಕಕ್ಕೆ ತರುವ ವಿಧಾನದಲ್ಲಿ ಶಕ್ತಿಯನ್ನು ಮತ್ತೆ ಅಳೆಯಿರಿ. ಪ್ರೋಟೀನ್ ಹಿಡಿದ ಆಕಾರ ಕನಿಷ್ಠ ಶಕ್ತಿಯದ್ದೇ ಆಗಿರಬೇಕೆಂದೇನೂ ಇಲ್ಲ.

50 ಸಾಲದು ಕೂಡ. ಬಂಧವೊಂದಕ್ಕೆ ಮೂರೇ ತಂಗುದಾಣ ಎಂದರೂ 3ರ 7ನೇ ಘಾತ, 2187 ಆಯಿತು. 300 ಮಾಡಿಸಿ. ಹೈಡ್ರೋಜನ್‌ಗಳನ್ನು ಸೇರಿಸಿದ ಮೇಲೆಯೇ ಇಟಿಕೆಡಿಜಿ (ಕನ್ಫಾರ್ಮರ್ ಕಟ್ಟುವ ಆರ್‌ಡಿಕಿಟ್ ವಿಧಾನ) ಓಡಿಸಿ. ಹಿಂದುಮುಂದಾದರೆ ಆಕಾರವೇ ಕೆಡುತ್ತದೆ. ಬಹಳ ಜನ ಎಡವುವುದು ಇದರ ಮುಂದೆ: ಶಕ್ತಿ ಇಳಿಸುವ ಹಂತ, ನೀವು ಹೇಳದಿದ್ದರೆ, 200 ಸುತ್ತಿಗೇ ನಿಂತುಬಿಡುತ್ತದೆ. ಪ್ರತಿ ಕನ್ಫಾರ್ಮರ್‌ಗೂ ಸಿಗುವ ಸಂಕೇತ ನೋಡಿ. 1 ಬಂದರೆ ಇಳಿತ ಮುಗಿದಿಲ್ಲ. ಮಿತಿಯನ್ನು 2000ಕ್ಕೆ ಏರಿಸಿ. ಒಂದೇ ಗುಂಡಿಗೆ ಬಿದ್ದ ಜೋಡಿಗಳನ್ನು ಆಮೇಲೆ ಕಳೆಯಿರಿ, ಮೊದಲಲ್ಲ, ಆರ್‌ಎಂಎಸ್‌ಡಿ (ಎರಡು ಆಕಾರಗಳ ಪರಮಾಣುಗಳ ನಡುವಿನ ಸರಾಸರಿ ಅಂತರದ ಅಳತೆ) 0.5 ಆಂಗ್‌ಸ್ಟ್ರಾಮ್ ಇಟ್ಟರೆ ಸಾಕು. ಫಿನೈಲ್ ಉಂಗುರ 180 ಡಿಗ್ರಿ ಹೊರಳಿದ್ದು ಹೊಸ ಆಕಾರವಲ್ಲ, ಆದ್ದರಿಂದ ಸಮ್ಮಿತಿ ಗಮನಿಸುವ ಹೋಲಿಕೆಯನ್ನೇ ಬಳಸಿ. ಯಾದೃಚ್ಛಿಕ ಹುಡುಕಾಟ ಶುರುವಾಗುವ ಸೀಡ್ ಸಂಖ್ಯೆ ಬದಲಿಸಿ ಎಲ್ಲವನ್ನೂ ಇನ್ನೊಮ್ಮೆ ಮಾಡಿ. ಎರಡು ಸಲವೂ ಕನಿಷ್ಠ ಒಂದೇ ಬಾರದಿದ್ದರೆ ಹುಡುಕಾಟ ಸಾಲಲಿಲ್ಲ.

ಪ್ರಶ್ನೆ: ಇಲಿಭ್ರೂಣದ ನಡುಮಿದುಳಿನ ತುಣುಕನ್ನು ಕೊಲಾಜೆನ್ ಜೆಲ್‌ನಲ್ಲಿ, ನೆಟ್ರಿನ್-1 (ನರತಂತುಗಳಿಗೆ ದಾರಿ ತೋರುವ ಪ್ರೋಟೀನ್) ಸ್ರವಿಸುವ ಕೋಶಗಳ ಪಕ್ಕ ಬೆಳೆಸಿದೆ. ನರತಂತುಗಳು ಸುತ್ತಲೂ ಸಮನಾಗಿ ಹರಡಿದವು. ನೆಟ್ರಿನ್ ಡೋಪಮಿನ್ ತಂತುಗಳನ್ನು ಸೆಳೆಯುವುದಿಲ್ಲವೇ?
— ಓದುಗರು, ಮಾಟುಂಗಾ, ಮುಂಬಯಿ

ಉತ್ತರ: ಸೆಳೆಯುತ್ತದೆ, ತಂತುವಿನ ಮೇಲಿರುವ ಡಿಸಿಸಿ ಎಂಬ ಗ್ರಾಹಕದ ಮೂಲಕ. ಆದರೆ ತುಣುಕಿನಿಂದ ಹೊರಟ ಎಲ್ಲ ತಂತುಗಳೂ ಡೋಪಮಿನ್‌ನವಲ್ಲ. ಒಟ್ಟಿಗೆ ಎಣಿಸಿದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಟೈರೊಸಿನ್ ಹೈಡ್ರಾಕ್ಸಿಲೇಸ್ (ಡೋಪಮಿನ್ ತಯಾರಿಯ ಕಿಣ್ವ) ಪ್ರತಿಕಾಯ ಬಣ್ಣ ಹಿಡಿಸಿದವನ್ನಷ್ಟೇ ಎಣಿಸಿ. ಕೋಶಗಳ ಕಡೆಯ ಕಾಲುಭಾಗದ ಎಣಿಕೆಯನ್ನು ಎದುರು ಕಾಲುಭಾಗದ್ದರಿಂದ ಭಾಗಿಸಿ. 1ಕ್ಕಿಂತ ಹೆಚ್ಚಾದರೆ ಸೆಳೆತ. ಅಂತರ 200–400 ಮೈಕ್ರೋಮೀಟರ್ ಇರಲಿ. ದೂರವಾದರೆ ನೆಟ್ರಿನ್ ತಲುಪದು, ತೀರ ಹತ್ತಿರವಾದರೆ ತಂತು ತಿರುಗಲು ಜಾಗವಿರದು. ನೆಟ್ರಿನ್ ಸ್ರವಿಸದ ಅದೇ ಬಗೆಯ ಕೋಶಗಳನ್ನು ಹೋಲಿಕೆಗೆ ಇಡಲೇಬೇಕು. ಇನ್ನೊಂದು ತಟ್ಟೆಯಲ್ಲಿ ಸ್ಲಿಟ್ (ಈ ತಂತುಗಳನ್ನು ದೂರ ತಳ್ಳುವ ಪ್ರೋಟೀನ್) ಸ್ರವಿಸುವ ಕೋಶಗಳನ್ನಿಡಿ: ತಂತುಗಳು ಅದರಿಂದ ದೂರ ಸರಿದರೆ ನಿಮ್ಮ ಅಂಗಾಂಶ ಸರಿಯಾಗಿದೆ, ತೊಂದರೆ ನೆಟ್ರಿನ್ ಕಡೆಯದು.