ಯಜಮಾನರ ವಾಕಿಂಗ್, ಮನೆಯಾಕೆಯ ದಣಿವು: ಒಂದು ಆಪ್ತಸಲಹೆ ಪ್ರಕರಣ

ಹುಬ್ಬಳ್ಳಿಯ ಬಡಾವಣೆಯೊಂದರಲ್ಲಿರುವ ಐದು ಜನರ ಕುಟುಂಬದ ಪ್ರಕರಣವಿದು. ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಕೆಲವು ಸನ್ನಿವೇಶಗಳನ್ನು ಬದಲಿಸಿದ್ದೇನೆ. ಕುಟುಂಬದವರ ಒಪ್ಪಿಗೆ ಪಡೆದ ಬಳಿಕವೇ ಬರೆಯುತ್ತಿದ್ದೇನೆ. ಯಜಮಾನರಿಗೆ 47 ವರ್ಷ, ಧಾರವಾಡದ ಕಚೇರಿಯೊಂದರಲ್ಲಿ ಗುಮಾಸ್ತರು, ದಿನವೂ ಚಿಗರಿ ಬಸ್ಸಿನಲ್ಲಿ ಹೋಗಿ ಬರುವವರು. ಪತ್ನಿಗೆ 41 ವರ್ಷ. ಮನೆಗೆಲಸದ ಜೊತೆಗೆ ಓಣಿಯವರ ಕುಪ್ಪಸ ಹೊಲಿದು ಕೊಡುತ್ತಾರೆ. ಮೊಣಕಾಲು ನೋವಿರುವ 70ರ ಅತ್ತೆ, ಪಿಯುಸಿ ಮೊದಲ ವರ್ಷದಲ್ಲಿರುವ ಮಗಳು, ಆರನೆಯ ತರಗತಿಯ ಮಗ ಉಳಿದ ಮೂವರು.

ಸಲಹೆಗೆ ಮೊದಲು ಬಂದವರು ಪತ್ನಿ. ಎರಡು ತಿಂಗಳಿಂದ ತಲೆನೋವು, ಮೈಭಾರ, ರಾತ್ರಿ ಮಧ್ಯೆ ಎಚ್ಚರವಾದರೆ ಮತ್ತೆ ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಸಿಟ್ಟು: ಇವು ಆಕೆ ಹೇಳಿಕೊಂಡ ತೊಂದರೆಗಳು. ಯಾವಾಗಿನಿಂದ ಎಂದು ಕೇಳಿದಾಗ ಬಂದ ಉತ್ತರವನ್ನು ಆಕೆಯ ಮಾತಿನಲ್ಲಿಯೇ ಕೊಡುವುದು ಮೇಲು: "ಇವರು ವಾಕಿಂಗ್ ಸುರು ಮಾಡಿದಾಗಿಂದ ನನಗ ಒಂದ್ ಗಳಿಗಿ ಕುಂದ್ರಾಕ ಆಗವಲ್ದ್ರಿ ಮೇಡಂ."

ಗಂಡ ನಡೆಯಲು ಆರಂಭಿಸಿದರೆ ಹೆಂಡತಿ ದಣಿಯುವುದು ಹೇಗೆ ಎಂಬುದೇ ಈ ಪ್ರಕರಣದ ತಿರುಳು. ಆರು ತಿಂಗಳ ಹಿಂದೆ ಯಜಮಾನರ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಅಳತೆ, 6.2 ಬಂದಿತ್ತು. 5.7ರಿಂದ 6.4ರವರೆಗಿನ ಮಟ್ಟವನ್ನು ಮಧುಮೇಹದ ಪೂರ್ವಸ್ಥಿತಿ ಎನ್ನುತ್ತಾರೆ. ಊಟ, ನಡಿಗೆ, ತೂಕಗಳನ್ನು ಸರಿಪಡಿಸಿಕೊಂಡರೆ ಹಿಂದಕ್ಕೆ ತರಬಹುದಾದ ಹಂತವದು. ತಮ್ಮ ತಂದೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದ ಅವರು ಹೆದರಿದರು, ಆ ಹೆದರಿಕೆಯಲ್ಲಿ ಇಡೀ ಮನೆಗೆ ಒಂದು ಆರೋಗ್ಯದ ಶಿಸ್ತನ್ನು ಜಾರಿಗೆ ತಂದರು. ಬೆಳಿಗ್ಗೆ ಐದೂವರೆಗೆ ಎಲ್ಲರೂ ಏಳಬೇಕು. ಉಣಕಲ್ ಕೆರೆಯ ದಂಡೆಯಲ್ಲಿ ನಡೆಯಬೇಕು. ಫೋನಿನಲ್ಲಿ ಪ್ರತಿಯೊಬ್ಬರದೂ 10,000 ಹೆಜ್ಜೆ ತುಂಬಬೇಕು. ಮನೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಸಕಾರಾತ್ಮಕ ನುಡಿ ಓದಬೇಕು. ಮನೆಯೊಳಗೆ ಯಾರೂ "ನೆಗೆಟಿವ್" ಮಾತಾಡಬಾರದು. ಎರಡು ವಾರಕ್ಕೊಮ್ಮೆ ಭಾನುವಾರ ಹೊರಗೆ ಹೋಗಬೇಕು. ಒಂದೊಂದನ್ನೇ ತೆಗೆದು ನೋಡಿದರೆ ಇವುಗಳಲ್ಲಿ ಹೆಚ್ಚಿನವನ್ನು ಯಾರೂ ತಪ್ಪೆನ್ನಲಾರರು.

ಕುಟುಂಬದ ಕಡೆಗೆ ಹೊರಳುವ ಮೊದಲು ನಾನು ಆಕೆಯನ್ನು ವೈದ್ಯರ ಬಳಿಗೆ ಕಳಿಸಿದೆ. ದಣಿವು, ಸಿಟ್ಟು, ನಿದ್ರೆಗೇಡುಗಳನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ಆಪ್ತಸಲಹೆಯ ವೃತ್ತಿಯಲ್ಲಿಯೂ ಉಂಟು, ಅದು ಅಪಾಯಕಾರಿ. ಆಕೆಯ ಹಿಮೋಗ್ಲೋಬಿನ್ 10.1 ಇತ್ತು; ಗರ್ಭಿಣಿಯಲ್ಲದ ಮಹಿಳೆಗೆ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಮುಟ್ಟಿನ ಸ್ರಾವ ಒಂದು ವರ್ಷದಿಂದ ಹೆಚ್ಚಾಗಿದ್ದುದನ್ನು ಆಕೆ ಯಾರಿಗೂ ಹೇಳಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಜನರಿಗೆ ರಕ್ತಹೀನತೆ ಇತ್ತು. ಹೀಗಿರುವಾಗ, ಕೆರೆಯ ದಂಡೆಯಲ್ಲಿ ಹಿಂದೆ ಬಿದ್ದ ಹೆಂಡತಿಯನ್ನು ಗಂಡ ಮೈಗಳ್ಳಿ ಎಂದು ಚೇಷ್ಟೆ ಮಾಡುತ್ತಿದ್ದದ್ದು ನಿಜದಿಂದ ಎಷ್ಟು ದೂರದ ಮಾತು ಎಂಬುದು ತಿಳಿಯುತ್ತದೆ. ವೈದ್ಯರು ಕಬ್ಬಿಣಾಂಶದ ಗುಳಿಗೆ ಕೊಟ್ಟು ಸ್ತ್ರೀರೋಗ ತಜ್ಞರನ್ನು ಕಾಣಲು ಹೇಳಿದರು. ಗುಳಿಗೆಯ ಹಿಂದೆಮುಂದೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರುವುದಿಲ್ಲವಾದ್ದರಿಂದ ಕನಿಷ್ಠ ಒಂದು ಗಂಟೆಯ ಅಂತರವಿರಲಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದು ನಾನು ಸೇರಿಸಿದೆ. ಎಲ್ಲರದೂ ಮುಗಿದ ಮೇಲೆ ತಣ್ಣಗಾದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವುದು ಆಕೆಯ ರೂಢಿಯಾಗಿತ್ತು.

ಖಿನ್ನತೆಯ ಲಕ್ಷಣಗಳನ್ನೂ ವಿಚಾರಿಸಿದೆ. ಎರಡು ವಾರಕ್ಕೂ ಮೀರಿದ ನಿರಾಸಕ್ತಿ, ಬದುಕು ಬೇಡವೆನಿಸುವ ಯೋಚನೆ ಇದ್ದಿದ್ದರೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ. ಅಂಥದ್ದು ಕಾಣಲಿಲ್ಲ; ಆದರೂ ಹೊತ್ತಲ್ಲದ ಹೊತ್ತಿಗೆ ಬೇಕಾದೀತೆಂದು ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಮುಂದಿನ ಭೇಟಿಗೆ ಮನೆಯವರೆಲ್ಲ ಬಂದರು. ಯಜಮಾನರು ನೊಂದಿದ್ದರು. "ನಾ ಏನ್ ಕೆಟ್ಟದ್ದ್ ಮಾಡೇನ್ರಿ? ಎಲ್ಲಾರೂ ಚಲೋ ಇರ್ಲಿ ಅಂತನ ಮಾಡಿದ್ದು," ಎಂದರು. ಅವರೊಡನೆ ವಾದಕ್ಕೆ ಇಳಿಯದೆ ಒಂದು ಕೆಲಸ ಒಪ್ಪಿಸಿದೆ. ಒಂದು ವಾರದ ಮಟ್ಟಿಗೆ, ಆರೋಗ್ಯದ ಹೆಸರಿನಲ್ಲಿ ಮನೆಯಲ್ಲಿ ನಡೆಯುವ ಪ್ರತಿಯೊಂದು ಕೆಲಸವನ್ನೂ ಯಾರು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಮಾಡಿದರು ಎಂದು ಹಾಳೆಯಲ್ಲಿ ಬರೆಯಬೇಕು. ಬರೆಯುವವರು ಯಜಮಾನರೇ ಆಗಿರಬೇಕು.

ಆ ಹಾಳೆ ನನ್ನ ಯಾವ ಮಾತಿಗಿಂತಲೂ ಹೆಚ್ಚು ಕೆಲಸ ಮಾಡಿತು. ಯಜಮಾನರ ವಾಕಿಂಗ್ ಮುಕ್ಕಾಲು ಗಂಟೆಯದು. ಅದಕ್ಕಾಗಿ ಪತ್ನಿ ಏಳುತ್ತಿದ್ದದ್ದು ನಾಲ್ಕೂ ಮುಕ್ಕಾಲಿಗೆ. ರಾತ್ರಿಯೇ ಮೆಂತ್ಯೆ ನೆನೆಹಾಕುವುದು, ಮಡಕಿಕಾಳು ಮೊಳಕೆಗೆ ಕಟ್ಟುವುದು, ಬೆಳಿಗ್ಗೆ ಬಿಸಿನೀರು, ಗಂಡನಿಗೆ ಓಟ್ಸ್, ಮಕ್ಕಳಿಗೆ ಉಪ್ಪಿಟ್ಟು ಇಲ್ಲವೆ ಅವಲಕ್ಕಿ, ಅತ್ತೆಗೆ ಮೆತ್ತಗಿನ ಬಿಸಿ ರೊಟ್ಟಿ, ಆಮೇಲೆ ಮೂರು ಡಬ್ಬಿ: ಒಂದೇ ಅಡುಗೆಮನೆಯಲ್ಲಿ ಮೂರು ಒಲೆ ಹೂಡಿದಂತಾಗಿತ್ತು. ಮಧ್ಯೆ ತಾವೂ ಕೆರೆಗೆ ಹೋಗಿ ಹೆಜ್ಜೆ ಎಣಿಸಬೇಕು. ಬಂದ ಮೇಲೆ ಎಲ್ಲರ ಬೆವರಿನ ಬಟ್ಟೆ ಒಗೆಯಬೇಕು. ಯಜಮಾನರು ಹಾಳೆಯನ್ನು ಮೇಜಿನ ಮೇಲಿಟ್ಟು, ತಮ್ಮ ಹೆಸರಿನ ಕೆಳಗೆ "ಹುರುಪು ತುಂಬುವುದು" ಎಂಬುದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ ಎಂದು ತಾವೇ ನಕ್ಕರು. ನಗಬಲ್ಲ ಗಂಡಸಿನೊಡನೆ ಸಲಹೆಯ ಕೆಲಸ ಸಲೀಸು. ಇದು ಈ ಮನೆಯೊಂದರದೇ ಕತೆಯೂ ಅಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಪುರುಷರು ಕೊಡುತ್ತಿದ್ದದ್ದು 97 ನಿಮಿಷ.

ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಆಹಾರದ್ದೂ ಅಲ್ಲ, ವ್ಯಾಯಾಮದ್ದೂ ಅಲ್ಲ. ಆರೋಗ್ಯಕ್ಕೆಂದು ಮನೆಯಲ್ಲಿ ಹೊಸದೇನನ್ನಾದರೂ ಆರಂಭಿಸುವವರು ಅದರ ದುಡಿಮೆಯನ್ನೂ ತಾವೇ ಹೊರಬೇಕು, ಹೊರಲು ಆಗದಿದ್ದರೆ ಆರಂಭಿಸಬಾರದು ಎಂಬುದು ಆ ಸಲಹೆ. ಯಜಮಾನರಿಗೆ ಮೊಳಕೆಕಾಳು ಬೇಕಿದ್ದರೆ ಅವರೇ ಕಟ್ಟಲಿ. ವಾಕಿಂಗಿನ ಬಟ್ಟೆಯನ್ನು ಮಗಳೂ ಮಗನೂ ಸೇರಿ ಯಂತ್ರಕ್ಕೆ ಹಾಕಿ ಒಣಗಿಸಲಿ.

ವ್ಯಾಯಾಮದ ವಿಷಯದಲ್ಲಿ ಮೊದಲು 10,000 ಹೆಜ್ಜೆಯ ಹಟ ಬಿಡಿಸಬೇಕಾಯಿತು. ಈ ಸಂಖ್ಯೆ ವೈದ್ಯರ ಅಪ್ಪಣೆಯಾಗಿ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಸಾಧನದ ಜೊತೆ ಪ್ರಚಾರಕ್ಕೆ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದಲ್ಲಿ ಏರುವ ಸಕ್ಕರೆ ತಗ್ಗುತ್ತದೆ, ಯಜಮಾನರಿಗೆ ಬೇಕಿದ್ದದ್ದೂ ಅದೇ. ಹಾಗಾಗಿ ಬೆಳಗಿನ ಕೆರೆಯ ನಡಿಗೆ ಅವರೊಬ್ಬರ ಇಷ್ಟಕ್ಕೆ ಉಳಿಯಲಿ, ರಾತ್ರಿ ಊಟದ ನಂತರ ಬಡಾವಣೆಯೊಳಗಿನ ಸುತ್ತು ಗಂಡ ಹೆಂಡಿರಿಬ್ಬರದಾಗಲಿ, ಪಾತ್ರೆ ತೊಳೆಯುವ ಕೆಲಸ ಮುಗಿದಿದೆಯೇ ಎಂದು ನೋಡಿ ಹೊರಡಲಿ ಎಂದು ನಿಶ್ಚಯಿಸಿದೆವು. ಪತ್ನಿಗೆ ಹಿಮೋಗ್ಲೋಬಿನ್ ಏರುವವರೆಗೆ ಏದುಸಿರು ಬರುವಂತೆ ನಡೆಯಬಾರದೆಂದು ವೈದ್ಯರೇ ಹೇಳಿದ್ದರು. ಅತ್ತೆಯ ಮೊಣಕಾಲಿಗೆ ಕೆರೆಯ ಸುತ್ತಿಗಿಂತ ತೊಡೆಯ ಸ್ನಾಯುವಿನ ಬಲ ಮುಖ್ಯ. ಫಿಸಿಯೋಥೆರಪಿಸ್ಟರು ಕುರ್ಚಿಯಿಂದ ಕೈಯೂರದೆ ಏಳುವುದನ್ನೂ, ಕುಳಿತಲ್ಲೇ ಕಾಲು ಚಾಚಿ ಹಿಡಿಯುವುದನ್ನೂ ಕಲಿಸಿಕೊಟ್ಟರು. ಮಗಳನ್ನು ಐದೂವರೆಗೆ ಎಬ್ಬಿಸುವುದನ್ನು ಕೂಡಲೇ ನಿಲ್ಲಿಸಲು ಹೇಳಿದೆ. ರಾತ್ರಿ ಹನ್ನೊಂದೂವರೆಯವರೆಗೆ ಓದುವ ಹುಡುಗಿಗೆ ಆ ವಯಸ್ಸಿನಲ್ಲಿ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕು, ಆಕೆಗೆ ಸಿಗುತ್ತಿದ್ದದ್ದು ಆರು. ಮಗ ಸಂಜೆ ಓಣಿಯಲ್ಲಿ ಕ್ರಿಕೆಟ್ ಆಡುತ್ತಾನೆ; ಅವನಿಗೆ ಸಲಹೆ ಬೇಕಿರಲಿಲ್ಲ.

ಆಹಾರದಲ್ಲಿ ಹೇಳಿದ್ದು ಒಂದೇ ಅಡುಗೆ, ಎಲ್ಲರಿಗೂ. ಓಟ್ಸ್ ತರಿಸುವ ಮನೆಯ ಕಪಾಟಿನಲ್ಲಿ ಬಿಜಾಪುರ ಕಡೆಯ ಬಿಳಿಜೋಳ ಕೂತಿತ್ತು. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಹಕ್ಕರಕಿ, ಮೆಂತ್ಯೆ ತಪ್ಪಲು, ಮೂಲಂಗಿ, ಉಳ್ಳಾಗಡ್ಡಿಯ ಹಸಿ ಪಚಡಿ, ಅಗಸಿ ಚಟ್ನಿ, ಮೊಸರು: ಈ ತಾಟಿನಲ್ಲಿ ಯಜಮಾನರ ಸಕ್ಕರೆಗೂ ಪತ್ನಿಯ ರಕ್ತಕ್ಕೂ ಬೇಕಾದದ್ದು ಬಹುಮಟ್ಟಿಗೆ ಇದೆ. ಆದರೆ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಮ್ಮ ಕಡೆಯ ನಂಬಿಕೆ ಸರಿಯಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು ಇದ್ದರೂ ಕಾರ್ಬೋಹೈಡ್ರೇಟು 65 ಗ್ರಾಂಗಿಂತ ಮೇಲಿದೆ. ನಾಲ್ಕು ರೊಟ್ಟಿಯ ಜಾಗದಲ್ಲಿ ಎರಡು ರೊಟ್ಟಿ ಇಟ್ಟು ಪಲ್ಯ ಪಚಡಿ ಹೆಚ್ಚಿಸಿದರೆ ಮಾತ್ರ ಪ್ರಯೋಜನ. ಸಂಜೆಯ ಗಿರಮಿಟ್ಟು ಮಿರ್ಚಿಯನ್ನು ಪೂರ್ತಿ ಬಿಡಿ ಎಂದು ನಾನು ಹೇಳಲಿಲ್ಲ. ಹುಬ್ಬಳ್ಳಿಯಲ್ಲಿದ್ದುಕೊಂಡು ಅದನ್ನು ಹೇಳಿ ಪಾಲನೆ ನಿರೀಕ್ಷಿಸುವುದು ಅಷ್ಟು ವಿವೇಕವಲ್ಲ. ಮಿರ್ಚಿ ವಾರಕ್ಕೊಮ್ಮೆ, ಗಿರಮಿಟ್ಟಿಗೆ ಎಣ್ಣೆ ಕಡಿಮೆ ಎಂಬಲ್ಲಿಗೆ ಒಪ್ಪಂದವಾಯಿತು.

ದಿನವೂ ರೊಟ್ಟಿ ಬಡಿಯುವವರು ಯಾರು ಎಂಬ ಪ್ರಶ್ನೆ ಉಳಿದಿತ್ತು. ಇದಕ್ಕೆ ದಾರಿ ತೋರಿಸಿದವರು ಅತ್ತೆ. "ರೊಟ್ಟಿ ಬಡ್ಯಾಕ ನನ್ನ ಕೈ ಬರ್ತಾವ, ನಿಂದ್ರಾಕ ಕಾಲ ಬರೂದಿಲ್ಲ. ಕುರ್ಚಿ ಹಾಕಿ ಕೊಡ್ರಿ, ಕುಂತ ಬಡೀತೇನಿ," ಎಂದರು. ಅಡುಗೆಮನೆಯಲ್ಲಿ ಅವರ ಎತ್ತರಕ್ಕೆ ತಕ್ಕ ಮೇಜು ಬಂತು. ಹಂಚಿನ ಮೇಲೆ ನೀರು ಸವರಿ ಬೇಯಿಸಿ ತೆಗೆಯುವ ಕೆಲಸ ಮಗನ ಪಾಲಿಗೆ, ಅಂದರೆ ಯಜಮಾನರ ಪಾಲಿಗೆ ಬಂತು. ವಾರದಲ್ಲಿ ಎರಡು ದಿನ ಹೊರಗಿನಿಂದ ತಂದ ಖಡಕ್ ರೊಟ್ಟಿ. ತನ್ನನ್ನು ಕೆಲಸಕ್ಕೆ ಬಾರದವಳೆಂದು ಬದಿಗಿಟ್ಟಿದ್ದಾರೆ ಎಂಬ ನೋವು ಅತ್ತೆಗೆ ಇತ್ತೆಂಬುದು ಆವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಸಕಾರಾತ್ಮಕತೆಯ ವಿಷಯ ಸೂಕ್ಷ್ಮವಾಗಿತ್ತು. ಬೆಳಗಿನ ಸಂದೇಶಗಳನ್ನು ಮಗಳು ಮ್ಯೂಟ್ ಮಾಡಿದ್ದಳು. ಪತ್ನಿ ಓದಿ, ಕೈಮುಗಿದ ಚಿತ್ರ ಹಾಕಿ, ಮನಸ್ಸಿನಲ್ಲಿ ಸಿಟ್ಟಾಗುತ್ತಿದ್ದರು. "ನೆಗೆಟಿವ್ ಮಾತಾಡಬಾರದು" ಎಂಬ ನಿಯಮದ ಫಲವಾಗಿ ಆಕೆ ತನ್ನ ಸ್ರಾವದ ತೊಂದರೆಯನ್ನೂ, ಮಗಳು ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ ಅನುತ್ತೀರ್ಣಳಾದದ್ದನ್ನೂ ಒಳಗೇ ಇಟ್ಟುಕೊಂಡಿದ್ದರು. ಬೇಸರವನ್ನು ಮುಖದಲ್ಲಿ ಅಡಗಿಸಿದ ಮಾತ್ರಕ್ಕೆ ಅದು ಒಳಗೆ ಕಡಿಮೆಯಾಗುವುದಿಲ್ಲ. ಹೇಳಿಕೊಳ್ಳಲು ಜಾಗವಿದ್ದಾಗ ಅದಕ್ಕೊಂದು ಪರಿಹಾರ ಹುಡುಕಬಹುದು. ಮನೆಯಲ್ಲಿ ಯಾರಾದರೂ "ಸಾಕಾಗೈತಿ" ಎಂದರೆ ಕೇಳಿದವರು ಉಪದೇಶ ಮಾಡದೆ "ಏನ್ ಮಾಡ್ಲಿ ಹೇಳು" ಎಂದಷ್ಟೇ ಕೇಳಬೇಕು ಎಂದು ಸೂಚಿಸಿದೆ. ಯಜಮಾನರಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ತಮ್ಮ ಹೆದರಿಕೆಯನ್ನು ಅವರು ಮನೆಯವರ ಮುಂದೆ ಮೊದಲ ಸಲ ಹೇಳಿಕೊಂಡದ್ದೂ ಇದೇ ಸಂದರ್ಭದಲ್ಲಿ: ತಂದೆಯ ಕಾಲು ನೆನಪಾದಾಗ ರಾತ್ರಿ ನಿದ್ದೆ ಬರುವುದಿಲ್ಲವೆಂದು.

ಹೊರಗೆ ಹೋಗುವ ಕಾರ್ಯಕ್ರಮವೂ ಹಿಂದೆ ಒಂದು ದಂಡಯಾತ್ರೆಯಾಗಿತ್ತು. ಒಂದೇ ಭಾನುವಾರದಲ್ಲಿ ಗದಗಿನ ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿ, ಮಾಗಡಿ ಕೆರೆಯ ಹಕ್ಕಿಗಳು. ಅದಕ್ಕೆ ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟುವವರು ಒಬ್ಬರೇ. ಇನ್ನು ಮುಂದೆ ತಿಂಗಳಿಗೊಂದು ಸಲ, ಒಂದೇ ಜಾಗ; ಜಾಗವನ್ನು ಸರದಿಯಂತೆ ಒಬ್ಬೊಬ್ಬರು ಆರಿಸಬೇಕು, ಆರಿಸಿದವರದೇ ತಿನಿಸಿನ ಜವಾಬ್ದಾರಿ ಎಂದು ಗೊತ್ತುಮಾಡಿದೆವು. ಮಗ ಆರಿಸಿದ್ದು ನಾನು ಊಹಿಸಿರದ ಸ್ಥಳ, ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ. ಅಲ್ಲಿನ 1,507 ಮೀಟರ್ ಉದ್ದದ, 2023ರಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಬೇಕೆಂಬುದು ಅವನ ಆಸೆ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ಅತ್ತೆಯನ್ನು ಬೆಂಚಿನ ಮೇಲೆ ಚುರುಮುರಿ ಪೊಟ್ಟಣದ ಜೊತೆ ಕೂರಿಸಿ, ಉಳಿದವರು ಹೋಗಿ ಬಂದರು. ಯಾರೂ ಹೆಜ್ಜೆ ಎಣಿಸದಿದ್ದ ಆ ಸಂಜೆ ಮೂರು ಕಿಲೋಮೀಟರ್ ನಡಿಗೆಯಾಯಿತು. ಪತ್ನಿ ತಮ್ಮ ಸರದಿಯಲ್ಲಿ ಎಲ್ಲಿಗೂ ಹೋಗದೆ, ಉಳಿದವರನ್ನು ನೃಪತುಂಗ ಬೆಟ್ಟಕ್ಕೆ ಕಳಿಸಿ, ಮನೆಯಲ್ಲಿ ಒಬ್ಬರೇ ಮಲಗಿದರು. ಇದು ನಿಯಮಕ್ಕೆ ಒಪ್ಪುತ್ತದೆಯೇ ಎಂದು ಯಜಮಾನರು ನನಗೆ ಫೋನ್ ಮಾಡಿ ಕೇಳಿದರು. ಒಪ್ಪುತ್ತದೆ ಎಂದೆ. ಅತ್ತೆಯದು ಶೀಗಿ ಹುಣ್ಣಿಮೆಗೆ ನವಲಗುಂದ ಕಡೆಯ ತಮ್ಮನ ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಎಡೆ ಕೊಡುವ ಬಯಕೆ; ಆ ದಿನದ ಕಡುಬು ಹೋಳಿಗೆಯನ್ನು ತಮ್ಮನ ಮನೆಯವರೂ ಇವರೂ ಹಂಚಿಕೊಂಡರು.

ಮೂರು ತಿಂಗಳ ನಂತರ ಯಜಮಾನರ ಎಚ್‌ಬಿಎ1ಸಿ 5.9ಕ್ಕೆ ಇಳಿದಿದೆ, ಪತ್ನಿಯ ಹಿಮೋಗ್ಲೋಬಿನ್ 11.6ಕ್ಕೆ ಏರಿದೆ, ತಲೆನೋವು ಕಡಿಮೆಯಾಗಿದೆ, ನಿದ್ದೆ ಪೂರ್ತಿ ಸರಿಹೋಗಿಲ್ಲ. ಮಗಳು ವಾಕಿಂಗಿಗೆ ಇಂದಿಗೂ ಬರುವುದಿಲ್ಲ, ಆದರೆ ಕಾಲೇಜಿನಿಂದ ಎರಡು ಸ್ಟಾಪ್ ಮೊದಲೇ ಇಳಿದು ಗೆಳತಿಯ ಜೊತೆ ನಡೆದು ಬರುತ್ತಾಳೆ. ಅದನ್ನು ವ್ಯಾಯಾಮವೆಂದು ಕರೆದು ಕೆಡಿಸಬೇಡಿ ಎಂದು ತಂದೆಗೆ ಹೇಳಿದ್ದೇನೆ. ಕಚೇರಿಯಲ್ಲಿ ಮಾರ್ಚ್ ತಿಂಗಳ ಲೆಕ್ಕಪತ್ರದ ಒತ್ತಡ ಬಂದಾಗ ಹಂಚಿನ ಮುಂದೆ ನಿಲ್ಲುವ ಕೆಲಸ ಮತ್ತೆ ಪತ್ನಿಯ ಮೇಲೆಯೇ ಬಿತ್ತು. ಆ ತಿಂಗಳಲ್ಲಿ ಖಡಕ್ ರೊಟ್ಟಿಯ ದಿನಗಳನ್ನು ನಾಲ್ಕಕ್ಕೆ ಏರಿಸಿಕೊಳ್ಳಲು ಹೇಳಿ, ಏಪ್ರಿಲ್‌ನಲ್ಲಿ ಇನ್ನೊಂದು ವಾರದ ಹಾಳೆ ಬರೆದು ತರುವಂತೆ ಸೂಚಿಸಿದ್ದೇನೆ. ಈ ಸಲ ಬರೆಯುವವಳು ಮಗಳು.