ಒಳಚರಂಡಿಗೆ 350, ಕೆರೆಗೆ 30 ಯಾಕೆ?

ಪೀಣ್ಯದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ಕಾರ್ಖಾನೆ ನೀರನ್ನು ಕೆರೆಗೆ ಬಿಡುವುದಾದರೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಒಳಚರಂಡಿಗಾದರೆ 350 ಇದ್ದರೂ ಸರಿಯಂತೆ. ಇದು ಕಾರ್ಖಾನೆಯವರಿಗೆ ಕೊಟ್ಟ ರಿಯಾಯಿತಿ ಅಲ್ವಾ? ನಮ್ಮಂಥವರು ಏನು ಮಾಡಬಹುದು?”

ನೀವು ಹೇಳಿದ ಅಂಕಿ ಸರಿಯಾಗಿದೆ. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನುವಾಗ ಬೇಕಾಗುವ ಆಮ್ಲಜನಕದ ಅಳತೆ; ಕೊಳೆ ಹೆಚ್ಚಿದ್ದಷ್ಟೂ ಅದು ಹೆಚ್ಚು. ಪರಿಸರ ಸಂರಕ್ಷಣಾ ನಿಯಮಗಳ ಆರನೇ ಪಟ್ಟಿಯಲ್ಲಿ ಹಾಗೇ ಇದೆ. ಅದಕ್ಕೊಂದು ಕಾರಣವೂ ಇದೆ. ಅನ್ನ, ಗಂಜಿ, ಸೋಪು, ಮಲ, ಇಂಥ ಕೊಳೆಯನ್ನು ಒಳಚರಂಡಿ ಕೊನೆಗೆ ಸೇರಬೇಕಾದ ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಮುಂದೆ ಹೇಗೂ ಆಗುವ ಕೆಲಸವನ್ನು ಕಾರ್ಖಾನೆಯೂ ಪೂರ್ತಿ ಮಾಡಬೇಕಿಲ್ಲ ಅನ್ನುವ ಲೆಕ್ಕ ಅದು.

ಆದರೆ ಲೋಹ ಬೇರೆ. ಅದನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಪ್ಲೇಟಿಂಗ್ ಕಾರ್ಖಾನೆಯ (ಲೋಹದ ಮೇಲೆ ಲೇಪನ ಹಾಕುವಂಥದ್ದು) ಕ್ರೋಮಿಯಂ ಜಾಸ್ತಿ ಬಂದರೆ ಬ್ಯಾಕ್ಟೀರಿಯಾವೇ ಸಾಯುತ್ತವೆ, ಉಳಿದದ್ದು ಕೆಸರಿನಲ್ಲಿ ಕೂರುತ್ತದೆ, ಆ ಕೆಸರನ್ನು ಗೊಬ್ಬರ ಅಂತ ಹೊಲಕ್ಕೆ ಹಾಕಿದರೆ ಮಣ್ಣಿಗೂ ಸೇರುತ್ತದೆ. ಅದಕ್ಕೇ ಅದೇ ಪಟ್ಟಿಯಲ್ಲಿ ಒಟ್ಟು ಕ್ರೋಮಿಯಂ ಮಿತಿ ಕೆರೆಗೂ 2 ಮಿಲಿಗ್ರಾಂ, ಒಳಚರಂಡಿಗೂ 2. ಪಾದರಸಕ್ಕೂ ಎರಡು ಕಡೆ ಒಂದೇ ಮಿತಿ, 0.01. ನಲ್ಲಿ ನೀರು ಬೆರೆಸಿ ತೆಳುವಾಗಿಸಿ ಬಿಟ್ಟರೆ ಪರೀಕ್ಷೆಯಲ್ಲಿ ಪಾಸಾಗಬಹುದು, ಆದರೆ ಪೈಪಿಗೆ ಹೋದ ಲೋಹ ಒಂದು ಚೂರೂ ಕಡಿಮೆಯಾಗಿರುವುದಿಲ್ಲ.

ಈಗ ಮುಖ್ಯ ಮಾತು. ಪಟ್ಟಿಯ ಕೆಳಗೊಂದು ಟಿಪ್ಪಣಿ ಇದೆ, ಅದನ್ನು ಯಾರೂ ಓದುವುದಿಲ್ಲ. ಒಳಚರಂಡಿ ಜೈವಿಕ ಶುದ್ಧೀಕರಣ ಘಟಕಕ್ಕೆ ಹೋಗಿ ಸೇರಿದರೆ ಮಾತ್ರ 350. ಇಲ್ಲದಿದ್ದರೆ ಅದನ್ನು ಕೆರೆ, ಹೊಳೆಗೆ ಬಿಟ್ಟಂತೆಯೇ ಲೆಕ್ಕ ಹಾಕಬೇಕು. ಅಂದರೆ 30. ಬೆಂಗಳೂರಿನಲ್ಲಿ ಕೊಳಚೆ ಎಲ್ಲೆಲ್ಲಿ ರಾಜಕಾಲುವೆಗೆ ನುಗ್ಗುತ್ತದೆ ಅಂತ ನಮಗೆಲ್ಲ ಗೊತ್ತು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ನೋಡಿದ್ದೇವೆ. ನಿಮ್ಮ ಕಡೆಯ ನೀರು ವೃಷಭಾವತಿ ಹಿಡಿದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅಲ್ಲಿಂದ ಗದ್ದೆಗೆ ಹೋಗುತ್ತದೆ. ಪೈಪು ಘಟಕ ಮುಟ್ಟದೆ ಇದ್ದರೂ ಕಾಗದದ ಮೇಲೆ 350 ಅಂತಲೇ ಬರೆದುಕೊಂಡು ಕೂತರೆ ಅದು ಬೈರಮಂಗಲದ ರೈತರಿಗೆ ಮಾಡುವ ಅನ್ಯಾಯ.

ಏನು ಮಾಡಬಹುದು ಅಂದಿರಿ. 1974ರ ಜಲ ಕಾಯ್ದೆಯಡಿ ಕಾರ್ಖಾನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದಿರಬೇಕು. ಎಷ್ಟು ನೀರು, ಎಲ್ಲಿಗೆ, ಯಾವ ಮಿತಿಯಲ್ಲಿ ಅಂತ ಆ ಪತ್ರದಲ್ಲೇ ಬರೆದಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಿ. ಜಲಮಂಡಳಿಗೂ ಒಂದು ಅರ್ಜಿ ಹಾಕಿ, ನಿಮ್ಮ ರಸ್ತೆಯ ಪೈಪು ಯಾವ ಘಟಕಕ್ಕೆ ಹೋಗುತ್ತದೆ ಅಂತ ಕೇಳಿ. ಎರಡೂ ಉತ್ತರ ಬಂದ ಮೇಲೆ ನಮಗೆ ಕಳಿಸಿ, ಪ್ರಕಟಿಸುತ್ತೇವೆ.

— ಸಂಪಾದಕ