ಓದುಗರ ಪ್ರಶ್ನೆ: ಮಿಗ್ ಟಾರ್ಚಿನ ಟಿಪ್ ಪದೇ ಪದೇ ಕೆಡುವುದೇಕೆ?

ಪ್ರಶ್ನೆ: ಎರಡು ವರ್ಷಗಳಿಂದ ಮಿಗ್ ವೆಲ್ಡಿಂಗ್ (ಗಾಳಿ ತಾಗದಂತೆ ಗ್ಯಾಸ್ ಹಾಯಿಸುತ್ತಾ, ತಾನಾಗಿ ಸಾಗಿ ಬರುವ ವೈರನ್ನು ಕರಗಿಸಿ ಹಾಕುವ ಬೆಸುಗೆ) ಮಾಡುತ್ತಿದ್ದೇನೆ. ನಾನು ಬಳಸುವುದು 0.8 ಮಿ.ಮೀ. ದಪ್ಪದ, ತಾಮ್ರ ಲೇಪಿಸಿದ ಉಕ್ಕಿನ ವೈರ್. ಈಚೆಗೆ ವೈರ್ ಟಿಪ್ಪಿನೊಳಗೇ (ವೈರ್ ಹೊರಬರುವ, ಟಾರ್ಚಿನ ತುದಿಯ ಸಣ್ಣ ಕೊಳವೆ) ಕರಗಿ ಅಂಟಿಕೊಳ್ಳುತ್ತಿದ್ದು, ಒಂದೇ ದಿನದಲ್ಲಿ ಮೂರು ನಾಲ್ಕು ಟಿಪ್ ಬದಲಾಯಿಸಿದ್ದೂ ಉಂಟು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳೂ ಕಾಣುತ್ತಿವೆ. ಟಿಪ್ಪಿನ ಸುತ್ತ ಗ್ಯಾಸ್ ಹೊರಬಿಡುವ ನಾಝಲ್ ತುಂಬಿಕೊಂಡಾಗ ಅದನ್ನು ಮೇಜಿನ ಅಂಚಿಗೆ ಬಡಿದು ಖಾಲಿ ಮಾಡುವುದು ನನ್ನ ಅಭ್ಯಾಸ. ಟಾರ್ಚನ್ನು ಸ್ವಚ್ಛವಾಗಿಡುವ ಸರಿಯಾದ ಕ್ರಮ ಯಾವುದು? ಸ್ಪ್ಯಾಟರ್ (ಬೆಸುಗೆಯಿಂದ ಸಿಡಿಯುವ ಲೋಹದ ಹನಿಗಳು) ಅಂಟದಂತೆ ಹೊಡೆಯುವ ಸ್ಪ್ರೇ ಎಷ್ಟು ಬಳಸಬೇಕು?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳಿಗೆ ಬಹುಮಟ್ಟಿಗೆ ಎರಡು ಬೇರೆ ಕಾರಣಗಳಿವೆ. ರಂಧ್ರಗಳು ಬೀಳುವುದು ಗ್ಯಾಸ್ ಸರಿಯಾಗಿ ತಲುಪದಿದ್ದಾಗ. ಟಿಪ್ಪಿಗೆ ವೈರ್ ಅಂಟುವುದು ವೈರ್ ಒಂದೇ ಸಮನಾಗಿ ಮುಂದೆ ಸಾಗದಿದ್ದಾಗ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಮೊದಲು ಮೇಜಿಗೆ ಬಡಿಯುವ ಅಭ್ಯಾಸವನ್ನು ಬಿಟ್ಟುಬಿಡಿ. ಹಾಗೆ ಬಡಿದಾಗ ಒಂದಷ್ಟು ಸ್ಪ್ಯಾಟರ್ ಉದುರುವುದೇನೋ ನಿಜ, ಆದರೆ ನಾಝಲಿನ ದುಂಡನೆಯ ಬಾಯಿ ಕ್ರಮೇಣ ಸೊಟ್ಟಗಾಗುತ್ತದೆ, ಒಳಗಿನ ವಿದ್ಯುತ್ ನಿರೋಧಕ ಭಾಗ ಬಿರುಕು ಬಿಡುತ್ತದೆ, ಟಾರ್ಚಿನ ಕತ್ತು ಕೂಡ ಸಡಿಲಗೊಳ್ಳುತ್ತದೆ. ಬಾಯಿ ಸೊಟ್ಟಗಾದ ನಾಝಲಿನಿಂದ ಗ್ಯಾಸ್ ಒಂದು ಪಕ್ಕಕ್ಕೆ ವಾಲಿ ಹೊರಬರುವುದರಿಂದ ಕರಗಿದ ಲೋಹದ ಒಂದು ಬದಿ ಗಾಳಿಗೆ ತೆರೆದುಕೊಳ್ಳುತ್ತದೆ. ಮಿಗ್ ಇಕ್ಕಳದ ದುಂಡನೆಯ ಮೂತಿಯನ್ನು ನಾಝಲಿನೊಳಗೆ ತೂರಿಸಿ ತಿರುಗಿಸಿದರೆ ಸ್ಪ್ಯಾಟರ್ ಸುಲಭವಾಗಿ ಬಿಡುತ್ತದೆ. ಇದಕ್ಕೆ ಗಡಿಯಾರ ನೋಡಬೇಕಾಗಿಲ್ಲ. ಕೆಲಸ ನಿಲ್ಲಿಸಿದಾಗಲೆಲ್ಲ ನಾಝಲಿನೊಳಗೆ ಒಮ್ಮೆ ಇಣುಕಿ, ಅಂಟಿದ್ದು ಕಂಡರೆ ತೆಗೆದರಾಯಿತು.

ನಾಝಲ್ ಕಟ್ಟಿಕೊಂಡಾಗ ಅನೇಕರು ಮಾಡುವ ತಪ್ಪೆಂದರೆ ಗ್ಯಾಸಿನ ಹರಿವನ್ನು ಹೆಚ್ಚಿಸುವುದು. ಒಳಾಂಗಣದಲ್ಲಿ ನಿಮ್ಮ ವೈರಿಗೆ ನಿಮಿಷಕ್ಕೆ 10ರಿಂದ 15 ಲೀಟರ್ ಸಾಕು. ಇಕ್ಕಟ್ಟಾದ ಬಾಯಿಯಿಂದ ರಭಸವಾಗಿ ನುಗ್ಗುವ ಗ್ಯಾಸ್ ಸುಳಿಸುತ್ತಿ ಸುತ್ತಲಿನ ಗಾಳಿಯನ್ನೂ ಒಳಗೆಳೆದುಕೊಳ್ಳುವುದರಿಂದ ರಂಧ್ರಗಳು ಇನ್ನೂ ಹೆಚ್ಚುತ್ತವೆ. ರೆಗ್ಯುಲೇಟರಿನ ಮೀಟರ್ ತೋರಿಸುವುದು ಸಿಲಿಂಡರಿನಿಂದ ಹೊರಟ ಗ್ಯಾಸನ್ನೇ ಹೊರತು ಬೆಸುಗೆಯನ್ನು ಮುಟ್ಟಿದ ಗ್ಯಾಸನ್ನಲ್ಲ. ನಾಝಲ್ ಕಳಚಿದಾಗ, ಒಳಗೆ ಗ್ಯಾಸನ್ನು ಸುತ್ತಲೂ ಹರಡುವ ಡಿಫ್ಯೂಸರಿನ ಸಣ್ಣ ತೂತುಗಳನ್ನೂ ನೋಡಿ. ಅವುಗಳಲ್ಲಿ ಎರಡು ಮುಚ್ಚಿಹೋದರೂ ಗ್ಯಾಸ್ ಸಮವಾಗಿ ಹರಡುವುದಿಲ್ಲ. ಸ್ಪ್ಯಾಟರಿನಿಂದ ಇನ್ನೊಂದು ಅಪಾಯವೂ ಇದೆ. ಅದು ಬೆಳೆದು ಬೆಳೆದು ಟಿಪ್ಪಿಗೂ ನಾಝಲಿಗೂ ನಡುವೆ ಸೇತುವೆಯಂತೆ ಕೂಡಿಕೊಂಡರೆ ನಾಝಲಿನಲ್ಲಿಯೂ ವಿದ್ಯುತ್ ಹರಿಯತೊಡಗುತ್ತದೆ. ಆಗ ನಾಝಲ್ ಕೆಲಸದ ತುಂಡಿಗೆ ತಾಗಿದರೆ ಅಲ್ಲೇ ಆರ್ಕ್ (ಲೋಹವನ್ನು ಕರಗಿಸುವ ವಿದ್ಯುತ್ ಕಿಡಿ) ಹೊತ್ತಿಕೊಂಡು ಟಾರ್ಚಿನ ಮುಂಭಾಗವೇ ಹಾಳಾಗಬಹುದು.

ಸ್ಪ್ರೇ ಆಗಲಿ ಜೆಲ್ ಆಗಲಿ, ಮಿತವಾಗಿ ಬಳಸಿದರೆ ಉಪಕಾರಿ. ಜೆಲ್ ಆದರೆ ಬಿಸಿ ನಾಝಲಿನ ತುದಿಯನ್ನು ಒಂದು ಸೆಂಟಿಮೀಟರಿನಷ್ಟು ಮಾತ್ರ ಅದ್ದಿ, ಹೆಚ್ಚಾದುದನ್ನು ಒರೆಸಿಬಿಡಿ. ಸ್ಪ್ರೇ ಆದರೆ ದ್ರವ ಒಳಕ್ಕೆ ಇಳಿಯದಂತೆ ಬಾಯಿ ಕೆಳಮುಖವಾಗಿರುವಂತೆ ಟಾರ್ಚನ್ನು ಹಿಡಿದು ತೆಳುವಾಗಿ ಹೊಡೆಯಿರಿ. ಧಾರಾಳವಾಗಿ ಬಳಿದರೆ ಅದೇ ಧೂಳನ್ನು ಹಿಡಿದಿಟ್ಟು ಡಿಫ್ಯೂಸರಿನ ತೂತುಗಳನ್ನು ಮುಚ್ಚುತ್ತದೆ, ನಿರೋಧಕವನ್ನೂ ಕೆಡಿಸುತ್ತದೆ. ಸ್ಪ್ಯಾಟರೇ ಅತಿಯಾಗಿ ಹಾರುತ್ತಿದ್ದರೆ ಔಷಧ ಸ್ಪ್ರೇಯಲ್ಲಿಲ್ಲ. ವೋಲ್ಟೇಜನ್ನೂ ವೈರಿನ ವೇಗವನ್ನೂ ಹೊಂದಿಸಿಕೊಳ್ಳಬೇಕು.

ಇನ್ನು ಟಿಪ್ಪಿನ ವಿಷಯ. ದಿನಕ್ಕೆ ಮೂರು ನಾಲ್ಕು ಟಿಪ್ ಸುಡುತ್ತಿವೆ ಎಂದರೆ ತಪ್ಪು ಟಿಪ್ಪಿನದೇ ಆಗಿರುವ ಸಂಭವ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸ್ಪೂಲಿನಿಂದ (ವೈರಿನ ಸುರುಳಿ) ಹೊರಟ ವೈರ್ ಅದನ್ನು ಮುಂದೆ ತಳ್ಳುವ ರೋಲರುಗಳ ನಡುವೆ ಹಾದು, ಕೇಬಲಿನ ಉದ್ದಕ್ಕೂ ಇರುವ ಲೈನರ್ ಎಂಬ ಕೊಳವೆಯೊಳಗೆ ಸಾಗಿ, ಕೊನೆಯಲ್ಲಿ ಟಿಪ್ಪನ್ನು ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ವೈರ್ ಒಂದು ಕ್ಷಣ ನಿಲ್ಲುತ್ತದೆ, ಆರ್ಕ್ ಮಾತ್ರ ನಿಲ್ಲದೆ ಹಿಂದಕ್ಕೆ ಉರಿಯುತ್ತಾ ಟಿಪ್ಪನ್ನು ತಲುಪುತ್ತದೆ. ತಡೆ ಎಲ್ಲಿದೆ ಎಂದು ತಿಳಿಯಲು ಯಂತ್ರವನ್ನು ಆಫ್ ಮಾಡಿ, ರೋಲರಿನ ಒತ್ತಡವನ್ನು ಬಿಡಿಸಿ, ಟಾರ್ಚಿನ ತುದಿಯಿಂದ ವೈರನ್ನು ಕೈಯಿಂದಲೇ ಎಳೆದು ನೋಡಿ. ಅದು ನಯವಾಗಿ ಜಾರಿ ಬರಬೇಕು. ಕೊಸರಾಡಿದರೆ ಟಿಪ್ಪನ್ನು ಬಿಚ್ಚಿ ಮತ್ತೆ ಎಳೆಯಿರಿ. ಈಗ ಸರಾಗವಾಗಿ ಬಂದರೆ ಟಿಪ್ಪೇ ಅಪರಾಧಿ. ಆಗಲೂ ಬಿಗಿಯಾಗಿದ್ದರೆ ಲೈನರನ್ನು ಶಂಕಿಸಬೇಕು.

ವೈರಿನ ಮೇಲಿನ ತಾಮ್ರದ ಪುಡಿ, ಧೂಳು, ಎಣ್ಣೆಯ ಅಂಶ ಎಲ್ಲವೂ ಸೇರಿ ಲೈನರಿನೊಳಗೆ ಮಡ್ಡಿಯಾಗಿ ಕೂರುತ್ತವೆ. ಆದ್ದರಿಂದ ಸ್ಪೂಲ್ ಬದಲಾಯಿಸುವಾಗಲೆಲ್ಲ ವೈರನ್ನು ಪೂರ್ತಿ ಹಿಂದೆಗೆದು, ಕೇಬಲನ್ನು ಯಂತ್ರದಿಂದ ಕಳಚಿ ನೆಲದ ಮೇಲೆ ನೇರವಾಗಿ ಹಾಸಿ, ಟಿಪ್ ತೆಗೆದು, ಟಾರ್ಚಿನ ಕಡೆಯಿಂದ ಕಂಪ್ರೆಸರಿನ ಗಾಳಿಯನ್ನು ಹಾಯಿಸಿ. ಕಣ್ಣಿಗೆ ಕನ್ನಡಕ ಇರಲಿ. ಗಾಳಿಯನ್ನು ಮೊದಲೇ ಜೋರಾಗಿ ಬಿಟ್ಟರೆ ಕಸವೆಲ್ಲ ಒಂದೆಡೆ ಒತ್ತಿಕೊಂಡು ಬಿರಡೆಯಂತೆ ಸಿಕ್ಕಿಕೊಳ್ಳುವುದರಿಂದ ಮೆಲ್ಲಗೆ ಆರಂಭಿಸುವುದು ಲೇಸು. ಮತ್ತೆ ವೈರ್ ತೂರಿಸುವ ಮುನ್ನ ಅದರ ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಚೂಪಾದ ತುದಿ ಲೈನರಿನ ಒಳಮೈಯನ್ನು ಕೆರೆಯುತ್ತದೆ. ಮಡಿಕೆ ಬಿದ್ದ ಲೈನರ್ ಮಾತ್ರ ಯಾವ ಗಾಳಿಗೂ ಸರಿಹೋಗದು, ಬದಲಾಯಿಸಲೇಬೇಕು. ಹೊಸದನ್ನು ಟಾರ್ಚ್ ತಯಾರಕರು ಹೇಳಿದ ಅಳತೆಗೆ ಕತ್ತರಿಸಿ. ಗಿಡ್ಡವಾಗಿ ಕತ್ತರಿಸಿದರೆ ಲೈನರಿಗೂ ಟಿಪ್ಪಿಗೂ ನಡುವೆ ಖಾಲಿ ಜಾಗ ಉಳಿದು, ವೈರ್ ಅಲ್ಲಿ ಬಾಗಿ ಓರೆಯಾಗಿ ಟಿಪ್ಪನ್ನು ಸೇರುತ್ತದೆ.

ರೋಲರನ್ನು ಅತಿಯಾಗಿ ಬಿಗಿ ಮಾಡುವುದು ಲೈನರ್ ಕೊಳೆಯಾಗಲು ಮುಖ್ಯ ಕಾರಣ. ಬಿಗಿದ ರೋಲರ್ ವೈರನ್ನು ಚಪ್ಪಟೆ ಮಾಡಿ ತಾಮ್ರವನ್ನು ಕೆರೆದು ಒಳಕ್ಕೆ ಕಳಿಸುತ್ತದೆ. ರೋಲರಿನ ಕೆಳಗೆ ಹೊಳೆಯುವ ಪುಡಿ ಬಿದ್ದಿದ್ದರೆ ಸಂಶಯವೇ ಬೇಡ, ಒತ್ತಡ ಇಳಿಸಿ. ವೈರ್ ಜಾರದಿರುವಷ್ಟು ಬಿಗಿ ಸಾಕು.

ಟಿಪ್ಪಿನ ರಂಧ್ರ ದುಂಡಗಿನ ಆಕಾರ ಕಳೆದುಕೊಂಡು ಒಂದು ಬದಿಗೆ ಉದ್ದವಾಗಿ ಸವೆದಿದ್ದರೆ ಅದರ ಆಯುಸ್ಸು ಮುಗಿದಿದೆ ಎಂದೇ ತಿಳಿಯಿರಿ. ಹೊಸ ಟಿಪ್ಪನ್ನು ಕೈಯಲ್ಲಿ ತಿರುಗಿಸಿ ಬಿಡದೆ ಇಕ್ಕಳದಿಂದ ಬಿಗಿ ಮಾಡಿ, ಏಕೆಂದರೆ ಸಡಿಲವಾದ ಟಿಪ್ ಬೇಗ ಕಾಯುತ್ತದೆ. ಬೆಸುಗೆ ಹಾಕುವಾಗ ಟಿಪ್ಪಿಗೂ ಕೆಲಸದ ತುಂಡಿಗೂ ಸುಮಾರು 10 ಮಿ.ಮೀ. ಅಂತರ ಕಾಯ್ದುಕೊಳ್ಳಿ.

ಪ್ರಶ್ನೆ: ಅರ್ಧ ಗಂಟೆ ಕೆಲಸ ಮಾಡುವಷ್ಟರಲ್ಲಿ ಟಾರ್ಚಿನ ಹಿಡಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ಇದು ಸಹಜವೇ?

ಉತ್ತರ: ಬೆಚ್ಚಗಾಗುವುದು ಸಹಜ, ಹಿಡಿಯಲಾಗದಷ್ಟು ಕಾಯುವುದು ಸಹಜವಲ್ಲ. ಟಾರ್ಚಿನ ವಿವರಪಟ್ಟಿಯಲ್ಲಿ ಶೇ. 60 ಡ್ಯೂಟಿ ಸೈಕಲ್ ಎಂದಿದ್ದರೆ, ಅಲ್ಲಿ ಹೇಳಿದ ಆಂಪಿಯರಿನಲ್ಲಿ ಪ್ರತಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಆರ್ಕ್ ಉರಿಸಬಹುದೆಂದು ಅರ್ಥ. ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡಿಗಿಂತ ಆರ್ಗಾನ್ ಮಿಶ್ರಣದಲ್ಲಿ ಟಾರ್ಚ್ ಹೆಚ್ಚು ಕಾಯುವುದರಿಂದ, ಗ್ಯಾಸ್ ಬದಲಾಯಿಸಿದವರು ಆ ಮಿಶ್ರಣಕ್ಕೆ ನಮೂದಿಸಿರುವ ಅಂಕಿಯನ್ನೇ ನೋಡಬೇಕು. ಮಿತಿಯೊಳಗೇ ಕೆಲಸ ಮಾಡುತ್ತಿದ್ದರೂ ಬಿಸಿಯಾಗುತ್ತಿದ್ದರೆ, ಯಂತ್ರವನ್ನು ಆಫ್ ಮಾಡಿ ಟಾರ್ಚ್ ಆರಿದ ಮೇಲೆ ಡಿಫ್ಯೂಸರ್, ಕತ್ತು, ಕೇಬಲ್ ಸೇರುವ ಕೀಲುಗಳನ್ನು ಒಂದೊಂದಾಗಿ ಬಿಗಿ ಮಾಡಿ ನೋಡಿ. ಕೆಲಸದ ತುಂಡಿಗೆ ಹಾಕುವ ಅರ್ತ್ ಕ್ಲಾಂಪಿನ ಜಾಗದಲ್ಲಿ ತುಕ್ಕು ಅಥವಾ ಬಣ್ಣವಿದ್ದರೆ ಆರ್ಕ್ ತಡವರಿಸುತ್ತದೆ. ಅದನ್ನೂ ಆಗಲೇ ಉಜ್ಜಿ ಸ್ವಚ್ಛ ಮಾಡಿಕೊಳ್ಳಿ.